ಬ್ಲ್ಯಾಂಕ್ ನೀರು

ಸಮುದ್ರವನ್ನು ಒಮ್ಮೆಯೂ ಕಾಣದ ಅಂಜನಾ ಸಮುದ್ರದ ಹುಳಗಳನ್ನು ನೋಡಿ ನೋಡಿಯೇ ಊಟ ಬಿಟ್ಟಿದ್ದಳು. ಹುಳ ಎಂದರೆ, ದೂರದಿಂದಲೇ ಕೆಲಸ ಕಲಿಸುವ ಗೈಡ್ ಮೇಡಂ ಸಿಟ್ಟಾಗುತ್ತಿದ್ದರು. ಝೂಪ್ಲಾಂಕ್ಟನ್ ಎನ್ನಬೇಕು, ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು, ಮೀನುಗಳ ಬದುಕೆಲ್ಲ ಇವುಗಳ ಮೇಲೆ ನಿಂತಿದೆ ಎಂದು ಮೊದಲ ದಿನವೇ ಪಾಠ ಹೇಳಿದ್ದರು. ನಿಂತಿದ್ದರೆ ನಿಂತಿರಲಿ. ಲ್ಯಾಪ್‌ಟಾಪಿನ ತುಂಬ ಹಿಗ್ಗಿಸಿದ ಆ ಚಿತ್ರಗಳಲ್ಲಿ ಒಂದೊಂದರ ಮೈಯೂ ಗಾಜಿನ ಹಾಗೆ. ಒಳಗಿನ ಕರುಳು ಕಾಣುತ್ತದೆ, ಕರುಳಿನೊಳಗೆ ಅರ್ಧ ಕರಗಿದ ಇನ್ನೊಂದು ಹುಳವೂ ಕಾಣುತ್ತದೆ. ಕೆಲವಕ್ಕೆ ಬಾಲದ ಪಕ್ಕದಲ್ಲಿ ಮೊಟ್ಟೆಯ ಚೀಲ ಜೋತು ಬಿದ್ದಿರುತ್ತದೆ. ದಿನಕ್ಕೆ ಇಂಥ ಎಂಟುನೂರು ಚಿತ್ರ ನೋಡಿ, ಇದು ಯಾವ ಗುಂಪು, ಅದು ಯಾವ ಗುಂಪು ಎಂದು ಗುರುತು ಹಾಕಿ ಕಳಿಸುವುದು ಅವಳ ಕೆಲಸ. ಅದನ್ನು ಮುಗಿಸಿ ಊಟಕ್ಕೆ ಕೂತರೆ ಅವ್ವ ಭೀಮಾಬಾಯಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಿಡುವಳು. ಆ ಎಳ್ಳೆಲ್ಲ ಅಂಜನಾಳ ಕಣ್ಣಿಗೆ ಮೊಟ್ಟೆ. ಶಾವಿಗೆ ಪಾಯಸ ಮಾಡಿದ ದಿನವಂತೂ ಎದ್ದು ಹಿತ್ತಲಿಗೆ ಓಡಿದ್ದಳು.

"ಮೊಟ್ಟಿ ಮುಟ್ಟದ ಮನ್ಯಾಗ ಹುಟ್ಟಿ ಹುಳದ ಮೊಟ್ಟಿ ಎಣಸ್ಕೋತ ಕುಂತೀಯಲ್ಲ, ಯಾರರ ಕೇಳಿದ್ರ ಏನ್ ಹೇಳ್ಲಿ ನಾ?" ಎಂದು ಭೀಮಾಬಾಯಿ ದಿನಕ್ಕೊಮ್ಮೆ ಕೇಳುತ್ತಿದ್ದಳು.

"ಸಮುದ್ರದ ಕೆಲಸ ಅಂತ ಹೇಳವ್ವ."

"ಸಮುದ್ರ ಎಲ್ಲದ ಇಲ್ಲಿ?"

ಅದೇ ಮಾತು. ರಂಗಂಪೇಟೆಯಿಂದ ಸಮುದ್ರಕ್ಕೆ ಹೋಗಬೇಕೆಂದರೆ ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗುತ್ತದೆ. ಆದರೆ ಕರಾವಳಿಯ ಒಂದು ಸಂಶೋಧನಾ ಸಂಸ್ಥೆ, ಮನೆಯಲ್ಲೇ ಕೂತು ಮಾಡುವ ಇಂಟರ್ನ್‌ಶಿಪ್ ಎಂದು ಹನ್ನೆರಡು ಮಂದಿಯನ್ನು ಆರಿಸಿಕೊಂಡಿತ್ತು. ಅದರಲ್ಲಿ ಶಹಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಆಗಷ್ಟೇ ಬಿ.ಎಸ್‌ಸಿ. ಮುಗಿಸಿ ಬಂದ ಅಂಜನಾ ಒಬ್ಬಳು. ಮೂರು ತಿಂಗಳ ಕೊನೆಗೆ ಹನ್ನೆರಡರಲ್ಲಿ ನಾಲ್ವರನ್ನು ಕರಾವಳಿಗೆ ಕರೆಸಿಕೊಂಡು, ದೋಣಿ ಹತ್ತಿಸಿ, ನಿಜವಾದ ಸಮುದ್ರದ ಮೇಲೆ ಒಂದು ತಿಂಗಳು ಕೆಲಸ ಕೊಡುವುದಾಗಿ ಹೇಳಿದ್ದರು. ಎಷ್ಟೇ ಹೇಸಿಗೆಯಾದರೂ, ವಾಕರಿಕೆ ನುಂಗಿಕೊಂಡಾದರೂ, ಆ ನಾಲ್ವರಲ್ಲಿ ಒಬ್ಬಳಾಗಲೇಬೇಕು ಎಂದು ಅಂಜನಾ ಹಟ ಹಿಡಿದಿದ್ದಳು. ಬೇರೆ ಏನನ್ನೂ ಅವಳು ಇಷ್ಟು ಬಯಸಿದ್ದಿಲ್ಲ.

ಅವಳು ಕೂತು ಕೆಲಸ ಮಾಡುತ್ತಿದ್ದುದು ಮನೆಯಲ್ಲಲ್ಲ, ಮನೆಯ ಎದುರಿಗೇ ರಸ್ತೆಯ ಆಚೆ ಇದ್ದ ಅಪ್ಪನ ನೀರಿನ ಘಟಕದಲ್ಲಿ. ಅಲ್ಲಿ ಇನ್ವರ್ಟರ್ ಇತ್ತು, ಕರೆಂಟು ಹೋದರೂ ಕೆಲಸ ನಿಲ್ಲುತ್ತಿರಲಿಲ್ಲ. ಅಪ್ಪ ವಿಶ್ವರಾಧ್ಯನದು ಊರಿನ ಮೊದಲ ಫಿಲ್ಟರ್. ಗೋಡೆಯ ಮೇಲೆ ದೊಡ್ಡ ಹನಿಯ ಚಿತ್ರ, ಅದರೊಳಗೆ ನಗುವ ಕೂಸು, ಕೆಳಗೆ 'ನೂರಕ್ಕೆ ನೂರು ಶುದ್ಧ' ಎಂಬ ಬರಹ. ಕಿಂಡಿಯಲ್ಲಿ ನಾಣ್ಯ ಹಾಕಿದರೆ ನಳದಲ್ಲಿ ನೀರು. ಯಂತ್ರಕ್ಕೆ ಕೆಂಪು ದೀಪ ಎರಡು, ಹಸಿರು ದೀಪ ಒಂದು, ಯಾವಾಗಲೂ ಮಿಣಮಿಣ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮೈಮೇಲೆ ಬಿಳಿ ಅಂಗಿ ಇಲ್ಲದೆ ವಿಶ್ವರಾಧ್ಯ ಕುರ್ಚಿಯ ಮೇಲೆ ಕೂತವನಲ್ಲ. ಮಗಳ ಕೆಲಸದ ಬಗ್ಗೆ ಅವನಿಗೆ ಹೆಮ್ಮೆಯೇ. ಕೊಡ ತುಂಬಲು ಬಂದವರಿಗೆಲ್ಲ "ನಮ್ಮಾಕಿ ಸಮುದ್ರ ಆಫೀಸಿಗಿ ಕೆಲಸ ಮಾಡಾಕತ್ಯಾಳ, ಇಲ್ಲಿ ಕುಂತ" ಎಂದು ತಾನಾಗಿಯೇ ಹೇಳುತ್ತಿದ್ದ.

ಎರಡು ತಿಂಗಳು ಚಿತ್ರ ನೋಡುವುದರಲ್ಲೇ ಹೋಯಿತು. ಮೂರನೆಯ ತಿಂಗಳು ಕೈಯಿಂದ ಮಾಡುವ ಕೆಲಸ ಬಂತು. ಸಮುದ್ರ ಹತ್ತಿರ ಇಲ್ಲದವರು ತಮ್ಮ ಊರಿನ ಕೆರೆಯದೋ ಕೆನಾಲಿನದೋ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಬಲೆಯ ತುದಿಗೆ ಕಟ್ಟಿದ ಡಬ್ಬಿಯಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎಣಿಸಿ, ಹಾಳೆಯಲ್ಲಿ ತುಂಬಿ ಕಳಿಸಬೇಕು. ಬಲೆ ಅವರೇನೂ ಕಳಿಸಿಕೊಡಲಿಲ್ಲ. ಸುರಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಫಿರೋಜ್, ಬಣ್ಣ ತಿಕ್ಕುವ ಚೌಕಟ್ಟಿಗೆ ಬಿಗಿಯುವ ಜಾಳಿಗೆ ಬಟ್ಟೆಯಲ್ಲಿ ಉಳಿದಿದ್ದ ತುಂಡನ್ನು ಕೊಟ್ಟ. "ಇದರಾಗ ಇರುವಿ ಕಾಲೂ ತೂರಂಗಿಲ್ಲ ನೋಡಕ್ಕ" ಎಂದ. ಅದನ್ನೇ ಚೀಲದ ಹಾಗೆ ಹೊಲಿದು, ಬಾಯಿಗೆ ಬಳೆಯಂತೆ ತಂತಿ ಸುತ್ತಿ ಅಂಜನಾ ಬಲೆ ಮಾಡಿಕೊಂಡಳು. ಸೂಕ್ಷ್ಮದರ್ಶಕವನ್ನು ಕಾಲೇಜಿನ ಮೇಷ್ಟ್ರು ಶ್ರೀಮಂತ ಸರ್ ತಮ್ಮ ಜವಾಬ್ದಾರಿಯ ಮೇಲೆ ಕೊಡಿಸಿದರು.

ಕೆನಾಲಿನ ನೀರಿನಲ್ಲಿ ಬೇಕಾದಷ್ಟಿದ್ದವು. ನಾರಾಯಣಪುರ ಡ್ಯಾಮಿನಿಂದ ಹರಿದು ಬರುವ ನೀರು. ಅದರಲ್ಲಿ ಎಮ್ಮೆ ಮೀಯುತ್ತವೆ, ಜನ ಅರಿವೆ ಒಗೆಯುತ್ತಾರೆ, ಇನ್ನೇನೇನೋ ಮಾಡುತ್ತಾರೆ. ಒಂದು ಹನಿ ಗಾಜಿನ ಮೇಲೆ ಹಾಕಿದರೆ ಕೋಪಿಪಾಡ್ ಎಂಬ ಒಂಟಿಗಣ್ಣಿನ ಹುಳಗಳು ಪುಟಪುಟ ಜಿಗಿಯುತ್ತಿದ್ದವು. ಪರದೆಯ ಮೇಲೆ ಸತ್ತು ಬಿದ್ದಿದ್ದನ್ನು ನೋಡುವುದೇ ಒಂದು, ಇವು ಬದುಕಿ ಕುಣಿಯುವುದನ್ನು ನೋಡುವುದೇ ಒಂದು. ಅಂಜನಾ ಮೂಗಿಗೆ ಸೆರಗು ಒತ್ತಿಕೊಂಡು ಎಣಿಸಿದಳು.

ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ಅದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಬಲೆ ಚೊಕ್ಕಟವಾಗಿದೆ ಎಂದು ತೋರಿಸಲು, ಅದೇ ಬಲೆಯಲ್ಲಿ ಒಂದು ಕ್ಯಾನು ಶುದ್ಧವಾದ ನೀರು ಸೋಸಿ ನೋಡಬೇಕು. ಅದರಲ್ಲಿ ಏನೂ ಸಿಗಬಾರದು. ಸಿಕ್ಕಿದರೆ ಬಲೆ ಸರಿಯಾಗಿ ತೊಳೆದಿಲ್ಲ ಎಂದರ್ಥ, ಆ ದಿನದ ಎಣಿಕೆಯೆಲ್ಲ ಗಾಳಿಗೆ. ಕರಾವಳಿಯ ಸಂಸ್ಥೆಯಲ್ಲಾದರೆ ಇದಕ್ಕೆ ಬಟ್ಟಿ ಇಳಿಸಿದ ನೀರಿರುತ್ತದೆ. ರಂಗಂಪೇಟೆಯಲ್ಲಿ ಅದಕ್ಕೆಲ್ಲಿ ಹೋಗುವುದು? ಆದರೆ ಅಂಜನಾ ಅದಕ್ಕಾಗಿ ತಲೆ ಕೆಡಿಸಿಕೊಳ್ಳಲೇ ಇಲ್ಲ. ಊರಿಗೆಲ್ಲ ಶುದ್ಧ ನೀರು ಕೊಡುವ ಅಪ್ಪನ ನಳ ಪಕ್ಕದಲ್ಲೇ ಇತ್ತು. ಒಂದು ಕ್ಯಾನು ಹಿಡಿದಳು, ಸೋಸಿದಳು, ನೋಡಿದಳು. ಹನ್ನೊಂದು ಕೋಪಿಪಾಡ್.

ತನ್ನದೇ ತಪ್ಪು ಎಂದುಕೊಂಡಳು. ಬಲೆಯನ್ನು ಸೋಪು ಹಚ್ಚಿ ತಿಕ್ಕಿ, ಅದೇ ನಳದಡಿ ಹಿಡಿದು ಹತ್ತು ಸಲ ಜಾಲಾಡಿದಳು. ಎರಡನೆಯ ದಿನ ಒಂಬತ್ತು. ಹಾಳೆ ನೋಡಿದ ಗೈಡ್ ಮೇಡಂ ಎಲ್ಲರೂ ಇದ್ದ ವೀಡಿಯೊ ಕರೆಯಲ್ಲೇ, "ಅಂಜನಾ, ಬ್ಲ್ಯಾಂಕಿನಲ್ಲಿ ಪ್ರಾಣಿಗಳು ಬರುತ್ತಿವೆ ಅಂದರೆ ಏನರ್ಥ? ಸ್ವಲ್ಪ ಕ್ಲೀನಾಗಿ ಕೆಲಸ ಮಾಡುವುದನ್ನು ಕಲಿಯಿರಿ" ಎಂದುಬಿಟ್ಟರು. ಹನ್ನೊಂದು ಮಂದಿಯ ಮುಂದೆ ಅವಳ ಮೋರೆ ಕೆಂಡವಾಯಿತು. ಹಿಂದುಳಿದ ಊರಿನವಳು, ಕೊಳಕಿ ಎಂದು ಅವರೆಲ್ಲ ಅಂದುಕೊಂಡಂತೆಯೇ ಅನಿಸಿತು. ಅವತ್ತು ಬಲೆಯನ್ನು ಮತ್ತೆ ತೊಳೆದಳು. ಡಬ್ಬಿ ತೊಳೆದಳು, ಕ್ಯಾನು ತೊಳೆದಳು, ಕೈಯನ್ನು ಚರ್ಮ ಸುಲಿಯುವ ಹಾಗೆ ತಿಕ್ಕಿದಳು. ಎಲ್ಲವನ್ನೂ ಅಪ್ಪನ ನಳದ ನೀರಿನಲ್ಲೇ ತೊಳೆದಳು. ಮೂರನೆಯ ದಿನ ಹದಿನಾಲ್ಕು, ಅದರಲ್ಲಿ ಎರಡಕ್ಕೆ ಮೊಟ್ಟೆಯ ಚೀಲ.

ಅವು ತನ್ನ ಉಗುರಿನೊಳಗೇ ಇವೆಯೇನೋ, ತಲೆಗೂದಲಿನಲ್ಲಿವೆಯೇನೋ ಎಂಬ ಹೇಸಿಗೆ ಹತ್ತಿತು ಅಂಜನಾಳಿಗೆ. ಮನೆಗೆ ಹೋಗಿ ಮೈ ತೊಳೆದುಕೊಂಡು ಬಂದಳು. ಹಾಗೆ ಬರುವಾಗ, ಏನೋ ಹೊಳೆದಂತಾಗಿ ಅಡುಗೆಮನೆಯ ಕೊಡದಿಂದ ಒಂದು ಕ್ಯಾನು ನೀರು ಬಗ್ಗಿಸಿಕೊಂಡು ಬಂದು ಬಲೆಯನ್ನು ಅದರಲ್ಲೇ ಜಾಲಾಡಿ, ಉಳಿದದ್ದನ್ನು ಸೋಸಿದಳು. ಒಂದು ಹನಿ ನೋಡಿದಳು, ಹತ್ತು ಹನಿ ನೋಡಿದಳು, ಡಬ್ಬಿ ಬರಿದಾಗುವವರೆಗೆ ನೋಡಿದಳು. ಒಂದೂ ಇರಲಿಲ್ಲ.

ಮನೆಯ ಕೊಡದಲ್ಲಿರುವುದು ಘಟಕದ ನೀರಲ್ಲ, ಮಠದ ಬೋರಿನ ನೀರು. ಲಿಂಗಪೂಜೆಗೆ ಯಂತ್ರ ಮುಟ್ಟಿದ ನೀರು ನಡೆಯುವುದಿಲ್ಲ ಎಂದು ವಿಶ್ವರಾಧ್ಯ ಬೆಳಗ್ಗೆ ಎದ್ದವನೇ ಗಾಡಿಗೆ ಎರಡು ಕೊಡ ಕಟ್ಟಿಕೊಂಡು ಹೋಗಿ ಮಠದಿಂದ ತರುತ್ತಿದ್ದ. ಪೂಜೆಗೆ ಎಂದು ಬಂದದ್ದೇ ಅಡುಗೆಗೂ ಕುಡಿಯುವುದಕ್ಕೂ ಆಗುತ್ತಿತ್ತು. ಎಷ್ಟು ಮಡಿವಂತ ಮನುಷ್ಯ ಎಂದು ಓಣಿಯವರು ಹೊಗಳುತ್ತಿದ್ದರು. ಅಂಜನಾ ಶಹಾಪುರದಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಾಗ ಶುರುವಾದ ಪದ್ಧತಿ ಇದು. ಅದಕ್ಕೂ ಮೊದಲು ಲಿಂಗಕ್ಕೂ ಮನೆಯವರಿಗೂ ಯಂತ್ರದ ನೀರೇ ಆಗುತ್ತಿತ್ತು ಎಂಬುದು ಅವಳಿಗೆ ಆಗ ನೆನಪಾಯಿತು.

ಅವಳು ಯಂತ್ರದ ಹಿಂದೆ ಹೋದಳು. ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ ಅಪ್ಪ. ಕರೆಂಟು ಹೊಡೆಯುತ್ತದೆ ಎನ್ನುತ್ತಿದ್ದ. ನೀರನ್ನು ಶುದ್ಧ ಮಾಡುವ ಮೆಂಬ್ರೇನ್ ಇರಬೇಕಾದ ಎರಡು ಉದ್ದನೆಯ ಕೊಳವೆಗಳ ಬಾಯಿ ತೆರೆದಿದ್ದವು, ಒಳಗೆ ಜೇಡನ ಬಲೆ. ಕೆನಾಲಿನ ನೀರು ತುಂಬಿಡುವ ನೆಲದಡಿಯ ಟಾಕಿಯಿಂದ ಒಂದು ಹಸಿರು ಪೈಪು ಎದ್ದು, ಯಂತ್ರವನ್ನು ಬಳಸಿಕೊಂಡು ಹೋಗಿ, ನೆಟ್ಟಗೆ ನಳಕ್ಕೆ ಸೇರಿತ್ತು. ದೀಪಗಳು ಮಾತ್ರ ತಮ್ಮ ಪಾಡಿಗೆ ತಾವು ಮಿಣುಗುತ್ತಿದ್ದವು. ಅಂಜನಾ ಟಾಕಿಯ ಮುಚ್ಚಳ ಎತ್ತಿದಳು. ಗಪ್ಪೆಂದು ವಾಸನೆ ಹೊಡೆಯಿತು. ಗೋಡೆಗೆಲ್ಲ ಲೋಳೆಲೋಳೆಯಾದ ಪಾಚಿ, ನೀರಿನ ಮೇಲೆ ಪಾರಿವಾಳದ ಪುಕ್ಕ, ಮೂಲೆಯಲ್ಲಿ ಹೊಟ್ಟೆ ಉಬ್ಬಿ ಮೇಲಾಗಿ ತೇಲುತ್ತಿದ್ದ ಒಂದು ಹಲ್ಲಿ. ಮುಚ್ಚಳ ಬಿಟ್ಟು ಹೊರಗೆ ಬಂದು ಬಾಗಿಲ ಪಕ್ಕದಲ್ಲೇ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಲು ನಳದ ಕಡೆ ಕೈ ಚಾಚಿದವಳು ಕೈ ಹಿಂದೆ ತೆಗೆದುಕೊಂಡಳು.

ಸಂಜೆ ನಾಲ್ಕಕ್ಕೆ ವಿಶ್ವರಾಧ್ಯ ಸುರಪುರದಿಂದ ಬಂದಾಗ ಅವಳು ಮುಚ್ಚಳ ತೆರೆದಿಟ್ಟು ಕಾದಿದ್ದಳು.

"ಅಪ್ಪಾ, ಮೆಂಬ್ರೇನ್ ಎಲ್ಲಿ ಅದಾವ?"

ಅವನು ಮುಚ್ಚಳ ನೋಡಿದ, ಮಗಳನ್ನು ನೋಡಿದ. ಮೊದಲು ಬಾಗಿಲು ಎಳೆದ. "ಹೋಗ್ಯಾವ" ಎಂದ.

"ಯಾವಾಗ?"

"ಎರಡು ವರ್ಷ ಆತು. ಹೈದರಾಬಾದಿನವ ಹೊಸಾವು ಹಾಕಾಕ ಬರ್ತೀನಿ ಬರ್ತೀನಿ ಅಂದ, ಬರಲಿಲ್ಲ. ನಾಕು ದಿನ ಅಂತ ಪೈಪ್ ಹಾಕ್ದೆ. ಯಾರೂ ಏನೂ ಅನಲಿಲ್ಲ. ನಡೀತು, ನಡಸ್ದೆ."

"ಅಂಗನವಾಡಿ ಕೂಸುಗೋಳು ಕುಡೀತಾವಪ್ಪ ಈ ನೀರು!"

"ಕೆನಾಲ್ ನೀರು ಕುಡದಽ ನಾವು ಬೆಳದೀವಿ. ಯಾರು ಸತ್ತಾರ? ನೀರು ತಿಳಿ ಅದ, ವಾಸ್ನಿ ಬರಬಾರದಂತ ಔಷಧ ಹಾಕ್ತೀನಿ. ಸುಮ್ನ ಇಲ್ಲದ್ದು ಹಚ್ಚಬ್ಯಾಡ."

"ಟಾಕ್ಯಾಗ ಹಲ್ಲಿ ಸತ್ತು ಬಿದ್ದದ."

"ತಗೀತೀನಿ."

ಹಲ್ಲಿ ತೆಗೆದರೆ ಮುಗಿಯಿತು ಎಂಬಂತೆ ಹೇಳಿದ. ಅಂಜನಾ ಅವನ ಮುಖವನ್ನೇ ದಿಟ್ಟಿಸಿ ನೋಡಿದಳು. ಆ ನೋಟ ಅವನಿಗೆ ತಡೆಯಲಾಗಲಿಲ್ಲ. ಅವನ ದನಿಗೆ ನೋವು ಬಂತು; ಸುಳ್ಳು ನೋವಲ್ಲ, ಖರೆಯದೇ.

"ಹಂಗ್ಯಾಕ ನೋಡ್ತಿ ಯವ್ವಾ? ನಿನಗ, ನಿಮ್ಮವ್ವಗ ಒಂದಿನರ ಈ ನೀರು ಕುಡಿಸೀನೇನು? ಮಳಿ ಇರಲಿ ಬಿಸಲಿರಲಿ, ಎರಡು ವರ್ಷ ಮಠದಿಂದ ಕೊಡ ಹೊತ್ತು ತಂದೀನಿ. ಅದನ್ನ ನೋಡಂಗಿಲ್ಲ ನೀ."

ಅದನ್ನು ಕೇಳಿದ ಮೇಲೆ ಅಂಜನಾಳಿಗೆ ಟಾಕಿಯ ಹಲ್ಲಿಯೇ ವಾಸಿ ಅನಿಸಿತು. ಹಲ್ಲಿ ಗೊತ್ತಿಲ್ಲದೆ ಬಿದ್ದಿತ್ತು. ಇವನಿಗೆ ಎಲ್ಲ ಗೊತ್ತಿತ್ತು. ಯಾವ ನೀರು ಯಾರಿಗೆ ಎಂದು ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ವಿಂಗಡಿಸಿದ್ದ. ಅವಳು ಲ್ಯಾಪ್‌ಟಾಪು, ಸೂಕ್ಷ್ಮದರ್ಶಕ ಎತ್ತಿಕೊಂಡು ಮನೆಗೆ ಹೋದಳು. ವಿಶ್ವರಾಧ್ಯ ನಾಳೆ ನಾಡಿದ್ದರಲ್ಲಿ ಸರಿ ಮಾಡಿಸುತ್ತೇನೆ ಎಂದು ಬೆನ್ನ ಹಿಂದಿನಿಂದ ಹೇಳಿದ. ಎರಡು ವರ್ಷದಿಂದ ಹೈದರಾಬಾದಿನವನೂ ಹಾಗೆಯೇ ಹೇಳುತ್ತ ಬಂದಿದ್ದ.

ಕತ್ತಲಾಗುವ ಹೊತ್ತಿಗೆ ಗೈಡ್ ಮೇಡಂ ತಾವಾಗಿಯೇ ಕರೆ ಮಾಡಿದರು. ಈ ಸಲ ಅವರ ದನಿ ಮೆತ್ತಗಿತ್ತು.

"ಅಂಜನಾ, ನಿಮ್ಮ ಚಿತ್ರದ ಕೆಲಸ ಹನ್ನೆರಡು ಜನರಲ್ಲೇ ಎಲ್ಲರಿಗಿಂತ ಚೆನ್ನಾಗಿದೆ. ನಿಮ್ಮನ್ನು ಬೋಟಿಗೆ ಕರೆಸಬೇಕು ಅಂತ ನನಗೂ ಆಸೆ. ಆದರೆ ಆ ಬ್ಲ್ಯಾಂಕ್ ಮೂರು ಸಲವೂ ಕೆಟ್ಟಿದೆಯಲ್ಲ."

"ಬಲಿ ಚೊಕ್ಕಟ ಅದರಿ ಮೇಡಂ. ನೀರಽ ಕೆಟ್ಟಿತ್ತು. ಬ್ಯಾರೆ ನೀರು ಸೋಸಿ ನೋಡೀನ್ರಿ, ಸೊನ್ನಿ ಬಂದದ."

"ಅಯ್ಯೋ, ಮತ್ತೇನು! ಆ ಸೊನ್ನೆ ಒಂದನ್ನೇ ಇಟ್ಟುಕೊಳ್ಳಿ. ಮೊದಲಿನ ಮೂರು ಸಾಲು ಅಳಿಸಿಬಿಡಿ."

"ಯಾವ ಸಾಲೂ ಅಳಿಸಬಾರದು, ಕೆಟ್ಟಿದ್ರ ಯಾಕ ಕೆಟ್ಟದ, ನೀರು ಎಲ್ಲಿಂದು ಅಂತ ಬರೀಬೇಕು ಅಂತ ನಿಯಮದಾಗ ಅದಲ್ರಿ?"

"ನಿಯಮ ಇದೆ ಅಮ್ಮಾ. ಆದರೆ ಕೆಟ್ಟ ಸಾಲು ಇರುವ ಹಾಳೆಯನ್ನು ಸಮಿತಿಯವರು ಪಕ್ಕಕ್ಕೆ ಇಡುತ್ತಾರೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ. ಅಷ್ಟು ದೂರದಲ್ಲಿ ನೀವು ಏನು ಸೋಸಿದಿರಿ ಅಂತ ಯಾರು ಬಂದು ನೋಡುತ್ತಾರೆ? ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಚೊಕ್ಕವಾದ ಹಾಳೆ ಕಳಿಸಿ."

ಅಂಜನಾ ಹ್ಞೂಂ ಎಂದಳು. ಮೂರು ಸಾಲು ಅಳಿಸಿದರೆ ಸಮುದ್ರ. ಸುಳ್ಳು ಬರೆಯಬೇಕಾಗಿಯೂ ಇರಲಿಲ್ಲ; ಸೊನ್ನೆ ನಿಜವಾದ ಸೊನ್ನೆಯೇ. ಅಪ್ಪನ ಹೆಸರು ಎಲ್ಲೂ ಬರುವುದಿಲ್ಲ, ಅವ್ವನಿಗೆ ಗೊತ್ತಾಗುವುದಿಲ್ಲ, ಅವಳು ಬಸ್ಸು ಹತ್ತಿಬಿಡಬಹುದು. ರಾತ್ರಿಯೇ ಸಾಲುಗಳನ್ನು ಅಳಿಸಿಟ್ಟಳು. ಕಳಿಸುವ ಗುಂಡಿ ಒತ್ತುವುದೊಂದು ಬಾಕಿ. ಅದನ್ನು ಬೆಳಗ್ಗೆ ಒತ್ತಿದರಾಯಿತು ಎಂದುಕೊಂಡು ಮಲಗಿದಳು. ತನ್ನ ಬಗ್ಗೆ ತನಗೇ ಛೀ ಅನಿಸುತ್ತಿದ್ದರೂ ನಿದ್ದೆ ಮಾತ್ರ ಚೆನ್ನಾಗಿಯೇ ಬಂತು.

ಬೆಳಗ್ಗೆ ವಿಶ್ವರಾಧ್ಯ ಮಠದ ನೀರು ತಂದಿಟ್ಟು, ಏನೂ ಆಗಿಲ್ಲದವನ ಹಾಗೆ ಪೂಜೆ ಮಾಡಿ, ಪೈಪಿನ ಕೆಲಸದವನನ್ನು ನೋಡಿ ಬರುತ್ತೇನೆ ಎಂದು ಯಾದಗಿರಿಗೆ ಹೋದ. "ಯಾರರ ಬಂದ್ರ ಕೊಡ ತುಂಬಿ ಕಳಸು" ಎಂದು ಕೀಲಿಯನ್ನು ಮಗಳ ಮುಂದಿಟ್ಟು ಹೋದ. ಅಂಜನಾ ಹೋಗಿ ಕೂತಳು. ಒಂಬತ್ತಕ್ಕೆ ಅಂಗನವಾಡಿಯ ಆಯಾ ಹಣಮಂತಮ್ಮ ಬಂದಳು. ಐವತ್ತೈದು ದಾಟಿದ ಹೆಂಗಸು, ಎರಡು ಕೈಯಲ್ಲಿ ಎರಡು ನೀಲಿ ಕ್ಯಾನು.

"ಯವ್ವಾ, ಲಗೂ ಹಿಡಿ. ಕೂಸುಗೋಳು ಬಂದು ಕುಂತಾವ. ಈ ವಾರ ಮೂರು ಕೂಸು ಬಂದಿಲ್ಲ ನೋಡು, ವಾಂತಿಭೇದಿ ಹತ್ಯಾದಂತ."

ನಾಣ್ಯ ಹಾಕಲು ಹೋದ ಅವಳ ಕೈಯನ್ನು ಅಂಜನಾ ಹಿಡಿದುಕೊಂಡಳು. ಹಿಡಿಯಬೇಕೆಂದು ಯೋಚಿಸಿ ಹಿಡಿದದ್ದಲ್ಲ.

"ಬ್ಯಾಡ ಆಯಾ. ಈ ನೀರು ಒಯ್ಯಬ್ಯಾಡ. ಇದರಾಗ ಹುಳ ಅದಾವ."

ಹಣಮಂತಮ್ಮ ನಕ್ಕಳು. ಅಂಜನಾ ನಗಲಿಲ್ಲ. ಮನೆಗೆ ಓಡಿ ಸೂಕ್ಷ್ಮದರ್ಶಕ ತಂದು, ನಳದ ನೀರನ್ನು ಅವಳ ಕಣ್ಣೆದುರಿಗೇ ಸೋಸಿ, ಒಂದು ಹನಿ ಹಾಕಿ ತೋರಿಸಿದಳು. ಹಣಮಂತಮ್ಮ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಹೇಸಿಕೊಳ್ಳಲಿಲ್ಲ; ಅವಳು ಮೀನು ಹಸನು ಮಾಡುವವಳು, ಇಂಥದಕ್ಕೆಲ್ಲ ಅಳುಕುವವಳಲ್ಲ.

"ಇವನ್ನ ನಾ ಬಲ್ಲೆ" ಎಂದಳು ತಲೆ ಎತ್ತಿ. "ಸಣ್ಣಾಕಿದ್ದಾಗ ನನಗ ನಾರುಹುಣ್ಣು ಆಗಿತ್ತು. ಕಾಲಾಗಿಂದ ಒಂದು ಮೊಳ ಹುಳ ಕಡ್ಡಿಗಿ ಸುತ್ತಿ ಸುತ್ತಿ ತಗದಿದ್ರು. ಆಗ ದವಾಖಾನಿಯವರು ಬಂದು ಭೂತಗನ್ನಡ್ಯಾಗ ಇದನ್ನಽ ತೋರಿಸಿದ್ರು. ಈ ಹುಳ ಕುಡದ್ರ ಆ ಹುಳ ಬರ್ತದ, ಅರಿವಿ ನಾಕು ಮಡಿಕಿ ಮಾಡಿ ಸೋಸಿ ಕುಡೀರಿ ಅಂದ್ರು. ಆವತ್ತಿನಿಂದ ನಮ್ಮವ್ವ ಸೋಸದ ಒಂದು ಗುಟುಕು ಕುಡಿಸಲಿಲ್ಲ."

"ಆ ರೋಗ ಈಗಿಲ್ಲ ಆಯಾ."

"ಇಲ್ಲಂತ ಗೊತ್ತದ. ಅಂಗನವಾಡ್ಯಾಗೂ ಅರಿವಿ ಕಟ್ಟಿ ಸೋಸತಿದ್ದೆ ನಾ. ನಿಮ್ಮಪ್ಪ ಮಷೀನ್ ಹಾಕಿದ ಮ್ಯಾಲ ಬಿಟ್ಟೆ. ಫಿಲ್ಟರ್ ನೀರಿಗಿ ಅರಿವಿ ಕಟ್ತಾಳ, ಹುಚ್ಚಿ, ಅಂತ ಮಂದಿ ನಕ್ರು." ಅವಳು ನಳವನ್ನು ನೋಡಿದಳು, ಗೋಡೆಯ ಮೇಲಿನ ನಗುವ ಕೂಸನ್ನು ನೋಡಿದಳು. ಆಮೇಲೆ ಅಂಜನಾಳನ್ನು. "ನಿಮ್ಮ ಮನ್ಯಾಗೂ ಇದಽ ನೀರು ಕುಡೀತೀರೇನು?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಮಗೂ ಗೊತ್ತಿರಲಿಲ್ಲ, ನಾವೂ ನಿಮ್ಮ ಹಾಗೇ ಮೋಸ ಹೋದೆವು ಎಂದರೆ ಹಣಮಂತಮ್ಮ ನಂಬುತ್ತಿದ್ದಳು, ಪಾಪ ಎನ್ನುತ್ತಿದ್ದಳು ಕೂಡ.

"ಇಲ್ಲ. ನಮಗ ಮಠದಿಂದ ಬರ್ತದ" ಎಂದಳು ಅಂಜನಾ. "ಎರಡು ವರ್ಷಾತು. ಅಪ್ಪಗ ಗೊತ್ತಿತ್ತು."

ಹಣಮಂತಮ್ಮನ ಮೂಗು ಸಣ್ಣಗೆ ಮುದುಡಿತು, ತುಟಿ ಒಂದು ಕಡೆಗೆ ಹೊರಳಿತು. ಸೂಕ್ಷ್ಮದರ್ಶಕದಲ್ಲಿ ಹುಳ ನೋಡುವಾಗ ಮೂಡದ ಹೇಸಿಗೆ ಈಗ ಅವಳ ಮುಖದಲ್ಲಿ ಮೂಡಿತ್ತು, ಮತ್ತು ಅವಳು ನೋಡುತ್ತಿದ್ದುದು ಅಂಜನಾಳನ್ನು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಇಷ್ಟು ಹೊತ್ತು ಯವ್ವಾ, ನೀ ಎನ್ನುತ್ತಿದ್ದವಳು ಅಪರಿಚಿತರೊಡನೆ ಆಡುವಂತೆ ಮರ್ಯಾದೆ ಕೊಟ್ಟು ಮಾತಾಡಿದಳು.

"ನಡೀರಿ ಹಂಗಾದ್ರ ನಿಮ್ಮ ಮನಿಗಿ. ಇವತ್ತಿನ ಮಟ್ಟಿಗಿ ಕೂಸುಗೋಳಿಗಿ ನಿಮ್ಮ ಕೊಡದಾಗಿನ ನೀರು ಕೊಡ್ರಿ. ಖಾಲಿ ಕ್ಯಾನ್ ಒಯ್ಯಂಗಿಲ್ಲ ನಾ."

ಅಂಜನಾ ನಳದ ಗುಂಡಿ ಆರಿಸಿ, ಬಾಗಿಲು ಎಳೆದು ಕೀಲಿ ಹಾಕಿದಳು. ಇಬ್ಬರೂ ರಸ್ತೆ ದಾಟಿದರು. ಹೊಸ್ತಿಲಿನಲ್ಲಿ ಭೀಮಾಬಾಯಿ ಎದುರಾದಳು. ಹಣಮಂತಮ್ಮ ಎಂದೂ ಆ ಮನೆಯ ಕಟ್ಟೆ ದಾಟಿ ಒಳಗೆ ಬಂದವಳಲ್ಲ, ಬಾ ಎಂದು ಯಾರೂ ಕರೆದಿರಲಿಲ್ಲ. ಅವತ್ತು ನೆಟ್ಟಗೆ ಒಳಗೆ ಬಂದು ಕ್ಯಾನು ಕೆಳಗಿಟ್ಟು, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಭೀಮಾಬಾಯಿ ಮಗಳ ಮುಖ ನೋಡಿದಳು. ಅಂಜನಾ ತಲೆಯಾಡಿಸಿದಳು. ಭೀಮಾಬಾಯಿ ಅಡುಗೆಮನೆಯ ಕೊಡ ಎತ್ತಿ ತಂದು ತಾನೇ ಕ್ಯಾನಿಗೆ ಬಗ್ಗಿಸಿದಳು. ಎರಡನೆಯ ಕೊಡವನ್ನೂ ಬಗ್ಗಿಸಿದಳು. ತಳದಲ್ಲಿ ಉಳಿದದ್ದನ್ನೂ ಅಲುಗಾಡಿಸಿ ಸುರಿದಳು. ಹಣಮಂತಮ್ಮ ಕ್ಯಾನುಗಳನ್ನು ಎತ್ತಿಕೊಂಡು, ಬರ್ತೀನಿ ಎಂದೂ ಹೇಳದೆ ಹೋದಳು.

ಅಂಜನಾ ಲ್ಯಾಪ್‌ಟಾಪು ತೆರೆದಳು. ಅಳಿಸಿದ್ದ ಮೂರು ಸಾಲುಗಳನ್ನು ಮತ್ತೆ ತುಂಬಿದಳು: ಹನ್ನೊಂದು, ಒಂಬತ್ತು, ಹದಿನಾಲ್ಕು. ನೀರು ಎಲ್ಲಿಯದು ಎಂಬ ಕಡೆ, 'ನಮ್ಮ ತಂದೆ ವಿಶ್ವರಾಧ್ಯ ಅವರ ಕುಡಿಯುವ ನೀರಿನ ಘಟಕ, ರಂಗಂಪೇಟೆ' ಎಂದು ಬರೆದಳು. ಕೆಟ್ಟದ್ದಕ್ಕೆ ಕಾರಣ ಎಂಬ ಕಡೆ, 'ಶುದ್ಧ ಮಾಡದೆ ಮಾರುತ್ತಿದ್ದಾರೆ' ಎಂದು ಬರೆದಳು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಕಳಿಸಿದಳು. ಸ್ವಲ್ಪ ಹೊತ್ತಿಗೆ ಗೈಡ್ ಮೇಡಂನಿಂದ ಒಂದೇ ಸಾಲು ಬಂತು: 'ನಿಮ್ಮ ಇಷ್ಟ, ಇನ್ನು ನನ್ನನ್ನು ಕೇಳಬೇಡಿ.' ಸಮುದ್ರ ಹೋಯಿತು. ಅಂಜನಾಳಿಗೆ ಅಳು ಬಂತು, ಅತ್ತಳು. ಭೀಮಾಬಾಯಿ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

ಒಂದೂವರೆಗೆ ವಿಶ್ವರಾಧ್ಯ ಬಂದ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ವಿಭೂತಿ ಬೆವರಿನಲ್ಲಿ ಇಳಿದಿತ್ತು. ಘಟಕಕ್ಕೆ ಕೀಲಿ ಬಿದ್ದದ್ದನ್ನು ನೋಡಿಕೊಂಡೇ ಬಂದಿದ್ದ. ಆದರೆ ಸಿಟ್ಟಿಗಿಂತ ಮೊದಲು ದಾಹ ಇತ್ತು.

"ಮೊದಲ ನೀರು ಕೊಡು. ಗಂಟಲ ಒಣಗಿ ಸಾಯಾಕತ್ತೀನಿ" ಎಂದು ಕಂಬಕ್ಕೆ ಒರಗಿ ಕೂತ.

ಅಂಜನಾ ಎದ್ದಳು. ಭೀಮಾಬಾಯಿ ಅವಳ ಭುಜ ಒತ್ತಿ ಕೂಡಿಸಿದಳು. ಕೀಲಿ ತೆಗೆದುಕೊಂಡು, ದೊಡ್ಡ ಸ್ಟೀಲಿನ ಗ್ಲಾಸು ಹಿಡಿದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ರಸ್ತೆ ದಾಟಿ ಹೋದಳು. ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ವಿಶ್ವರಾಧ್ಯ ಮಗಳನ್ನು ಕೇಳಿದ. ಭೀಮಾಬಾಯಿ ತುಂಬಿದ ಗ್ಲಾಸು ತುಳುಕದ ಹಾಗೆ ಹಿಡಿದುಕೊಂಡು ಬಂದು ಗಂಡನ ಕೈಗೆ ಕೊಟ್ಟಳು.

"ಕೊಡ ಖಾಲಿ ಅದಾವ್ರಿ. ನಮ್ಮ ಫಿಲ್ಟರ್ ನೀರು ತಂದ್ನಿ. ಕುಡೀರಿ."

ವಿಶ್ವರಾಧ್ಯ ಗ್ಲಾಸಿನೊಳಗೆ ನೋಡಿದ. ನೀರು ತಿಳಿಯಾಗಿಯೇ ಇತ್ತು. ಹೆಂಡತಿಯ ಮುಖ ನೋಡಿ ಎತ್ತಿದ, ತುಟಿಯವರೆಗೆ ಒಯ್ದ. ಗ್ಲಾಸು ಅಲ್ಲೇ ನಿಂತಿತು. ಅವನ ಬಾಯಿ ತೆರೆಯಲಿಲ್ಲ.

"ಕುಡೀರಿ" ಎಂದಳು ಭೀಮಾಬಾಯಿ ಇನ್ನೊಮ್ಮೆ. "ಓಣಿ ಮಂದಿಯೆಲ್ಲ ಕುಡದಾರ."

ಅವನು ಗ್ಲಾಸನ್ನು ಕೆಳಗಿಟ್ಟ. ಭೀಮಾಬಾಯಿ ಖಾಲಿ ಕೊಡ ಎರಡನ್ನೂ ಎತ್ತಿಕೊಂಡು, ಮಠದ ದಾರಿ ಹಿಡಿದು ನಡೆದುಕೊಂಡೇ ಹೋದಳು.